ಲಾರಿ ಹತ್ತಿದ ಸೊಪ್ಪು

"ಗುಬ್ಬಿ ಮತ್ತೆ ಶಾಲೇಲಿ ತಲೆತಿರುಗಿ ಬಿದ್ದಳು. ಬೇಗ ಬನ್ನಿ ಸಿಸ್ಟರ್."

ಅವಳ ತಾಯಿ ನಮ್ಮ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತು ಕರೆದಾಗ ನನಗೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. ಸೊಪ್ಪು ಬೆಳೆಯುವ ಮನೆ ಅದು. ಹಿತ್ತಿಲ ತುಂಬ ಕೋಳಿಗಳೂ ಇವೆ. ಅಂಥ ಮನೆಯ ಮಗುವಿಗೆ ರಕ್ತಹೀನತೆ!

ಅವರ ಮನೆಗೆ ಹೋದೆ. ಗುಬ್ಬಿಯನ್ನು ಆಗಲೇ ಶಾಲೆಯಿಂದ ಕರೆತಂದಿದ್ದರು. ನಡುಮನೆಯಲ್ಲಿ ಒದ್ದೆ ಗೋಣಿ, ಸೊಪ್ಪಿನ ಕಂತೆ, ಮೊಟ್ಟೆಯ ಬುಟ್ಟಿ. ಕಾಲಿಡಲು ಜಾಗವಿಲ್ಲ. ತೊಟ್ಟಿಲಲ್ಲಿ ಈಗಷ್ಟೇ ಉಣ್ಣಲು ಕಲಿಯುತ್ತಿದ್ದ ಅವಳ ಪುಟ್ಟ ತಂಗಿ. ಮೂಲೆಯಲ್ಲಿ ಗುಬ್ಬಿ ಪೊಟ್ಟಣದ ಬಿಸ್ಕತ್ತು ತಿನ್ನುತ್ತಿದ್ದಳು. ಅವಳ ಕೆಳರೆಪ್ಪೆ ಎಳೆದು ನೋಡಿದೆ. ಬಿಳಿಚಿಕೊಂಡಿತ್ತು.

"ಇವಳಿಗೆ ಸೊಪ್ಪು, ಮೊಟ್ಟೆ ಕೊಡ್ತೀರಾ?"

ಗುಬ್ಬಿಯ ಅಜ್ಜಿ ಕಂತೆ ಕಟ್ಟುತ್ತಲೇ ಹೇಳಿದರು. "ಅದು ಪೇಟೆಗೆ ಹೋಗೋ ಲಾರಿ ಮಾಲು. ಮಾರೋ ಮಾಲಿಗೆ ಮನೆಯವರು ಕೈ ಹಾಕಬಾರದು. ನಮ್ಮ ಮಾವನವರ ಕಾಲದಿಂದ ಇದೇ ಕಟ್ಟಳೆ."

"ಉಳಿದ ಸೊಪ್ಪು?"

"ಕಾಲುವೆಗೆ ಸುರೀತೀವಿ. ಊರಲ್ಲಿ ಅಗ್ಗಕ್ಕೆ ಮಾರಿದ್ರೆ ಲಾರಿಯವನು ದರ ಇಳಿಸ್ತಾನೆ."

"ಹಾಗಾದ್ರೆ ಕಾಲುವೆ ಮೀನಾದ್ರೂ ಗಟ್ಟಿಮುಟ್ಟಾಗಿರ್ತವೆ ಬಿಡಿ" ಎಂದೆ.

ಅಜ್ಜಿಗೆ ಚುರುಕ್ಕೆಂದಿತು. "ಹಂಗಿಸ್ತೀಯೇನಮ್ಮಾ? ಮಧ್ಯಾಹ್ನ ಶಾಲೇಲಿ ಊಟ ಹಾಕ್ತಾರಲ್ಲ, ಅದರಲ್ಲಿ ಶಕ್ತಿ ಇರಲ್ವಾ?"

ಆ ಊಟದ ಕಥೆಯನ್ನೂ ಬಿಡಿಸಿ ಹೇಳಿದೆ. ಶಾಲೆಗೂ ಇವರ ಪಾತಿಗೂ ನಡುವೆ ಇರುವುದು ಒಂದು ಬೇಲಿ. ಆದರೆ ಶಾಲೆಯ ಅಡುಗೆಗೆ ಬರುವುದು ದೂರದ ಗೋದಾಮಿನ ಒಣತರಕಾರಿ. ಬೇರೇನೂ ಬೇಯಿಸಬಾರದು ಎಂದು ಶಿಕ್ಷಣ ಇಲಾಖೆಯವರ ಆದೇಶ. ಬೆಳೆಯಿರಿ ಎನ್ನುವ ಕೃಷಿಯವರಿಗೆ ಅದನ್ನು ಯಾರು ತಿನ್ನುತ್ತಾರೆ ಎಂಬುದು ಬೇಕಿಲ್ಲ. ನಮ್ಮ ಆರೋಗ್ಯದವರು ನನ್ನ ಕೈಗೆ ಮಾತ್ರೆ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಮೂರು ಕಚೇರಿಯೂ ಒಂದೇ ಕಟ್ಟಡದಲ್ಲಿವೆ. ಮೂರಕ್ಕೂ ಹೋಗಿಬರುವವನು ಚಹಾದವನೊಬ್ಬನೇ.

"ಅದೆಲ್ಲ ನಮಗ್ಯಾಕೆ? ಮಾತ್ರೆ ಕೊಡು, ಸರಿಹೋಗ್ತಾಳೆ" ಎಂದರು ಅಜ್ಜಿ.

"ಕೊಡ್ತೀನಿ. ರಕ್ತ ಏರುತ್ತೆ, ಸುಸ್ತು ಹೋಗುತ್ತೆ. ಆದ್ರೆ ಇವಳನ್ನ ಓರಗೆಯವರ ಪಕ್ಕ ನಿಲ್ಲಿಸಿ ನೋಡಿದ್ದೀರಾ? ಅವರ ಭುಜಕ್ಕೂ ಬರಲ್ಲ. ಎಳೇ ವಯಸ್ಸಲ್ಲಿ ತಪ್ಪಿಹೋದ ಬೆಳವಣಿಗೇನ ಪೂರ್ತಿ ವಾಪಸ್ ತರೋ ಮಾತ್ರೆ ನನ್ನ ಹತ್ರ ಇಲ್ಲ, ಅಜ್ಜಿ."

ಗುಬ್ಬಿಯ ತಾಯಿ ಒಮ್ಮೆ ತೊಟ್ಟಿಲು ನೋಡಿದಳು. ಆಮೇಲೆ ಒಂದು ಕಂತೆ ಸೊಪ್ಪು, ಎರಡು ಮೊಟ್ಟೆ ಎತ್ತಿಕೊಂಡು ಒಲೆಯ ಕಡೆ ನಡೆದಳು.

"ಲಾರಿ ಬರೋ ಹೊತ್ತಾಯ್ತು!" ಎಂದರು ಅಜ್ಜಿ.

"ಕಾಯ್ಲಿ ಅತ್ತೆ. ಇವಳನ್ನಂತೂ ಕಾಯಿಸಿ ಕಾಯಿಸಿ ಗಿಡ್ಡ ಮಾಡಿದ್ವಿ. ಇನ್ನೊಬ್ಬಳನ್ನ ಮಾಡೋಕೆ ನನ್ನಿಂದಾಗಲ್ಲ."

ಅಜ್ಜಿ ಕೈಲಿದ್ದ ಕಂತೆ ಕೆಳಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಎದ್ದು ಗುಬ್ಬಿಗೆ ತಟ್ಟೆ ಹಾಕಿದರು.

ಮುಂದಿನ ಊರಸಭೆಗೆ ಅಜ್ಜಿ ಗುಬ್ಬಿಯನ್ನು ಕರೆದುಕೊಂಡೇ ಬಂದರು. ಶಾಲೆಗೆ ನಮ್ಮೂರ ಸೊಪ್ಪು ಯಾಕೆ ಕೊಳ್ಳಬಾರದು ಎಂದು ಕೇಳಿದರು. ಸಭೆಗೆ ಬಂದಿದ್ದ ಆ ಮೂರು ಕಚೇರಿಯ ಅಧಿಕಾರಿಗಳೂ ಒಬ್ಬರ ಮೇಲೊಬ್ಬರು ಹಾಕಿ, "ನಮ್ಮ ವ್ಯಾಪ್ತಿಗೆ ಬರಲ್ಲ" ಎಂದರು. ಅಜ್ಜಿ ಮೊಮ್ಮಗಳನ್ನು ಅವರ ಮೇಜಿನ ಮುಂದೆ ನಿಲ್ಲಿಸಿದರು.

"ಹಾಗಾದ್ರೆ ಈ ಹುಡುಗಿ ಯಾರ ವ್ಯಾಪ್ತಿ? ಅದನ್ನಾದ್ರೂ ಹೇಳಿ ಎದ್ದೇಳಿ."

ಅವರು ಏಳಲಿಲ್ಲ. ನಾವು ಏಳಲು ಬಿಡಲಿಲ್ಲ. ಅವತ್ತೇ ಮೂವರೂ ಒಂದೇ ಆದೇಶಕ್ಕೆ ಸಹಿ ಹಾಕಿದರು. ಈಗ ಶಾಲೆಯ ಒಲೆಗೆ ಬೇಲಿಯಾಚೆಯ ಸೊಪ್ಪು ಬರುತ್ತದೆ. ಪುಟ್ಟ ತಂಗಿ ಕೆನ್ನೆ ತುಂಬಿಕೊಂಡು ಮನೆಯಿಡೀ ಅಂಬೆಗಾಲಿಡುತ್ತಾಳೆ. ಗುಬ್ಬಿ ಈಗ ಬೀಳುವುದಿಲ್ಲ. ಎತ್ತರ ನೋಡಿ ನಿಲ್ಲಿಸುವ ಪ್ರಾರ್ಥನೆಯ ಸಾಲಿನಲ್ಲಿ ಮಾತ್ರ ತನಗಿಂತ ಚಿಕ್ಕ ಮಕ್ಕಳ ಜೊತೆ ಮುಂದೆ ನಿಲ್ಲುತ್ತಾಳೆ. ಯಾಕೆಂದು ಅವಳು ಕೇಳಿದರೆ ಏನು ಹೇಳುವುದೋ ನನಗೆ ಗೊತ್ತಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನೀವು ಬೆಳೆದದ್ದರಲ್ಲಿ ಮೊದಲ ಪಾಲು ಮಗುವಿನ ತಟ್ಟೆಗೆ ಹಾಕಿ. ಸಿಸ್ಟರ್ ಕೊಟ್ಟ ಮಾತ್ರೆ ತಪ್ಪಿಸಬೇಡಿ. ಊರಸಭೆಗೆ ಹೋಗಿ, ಎಲ್ಲ ಕಚೇರಿಯವರನ್ನೂ ಒಂದೇ ಮೇಜಿಗೆ ಕೂರಿಸಿ, ನಮ್ಮೂರ ಬೆಳೆ ನಮ್ಮ ಮಕ್ಕಳ ಊಟಕ್ಕೆ ಬರಲಿ ಎಂದು ಕೇಳಿ. ನಾಳೆ ಕೇಳಿದರಾಯಿತು ಎನ್ನಬೇಡಿ. ನಿಮ್ಮ ಮಗು ಬೆಳೆಯಬೇಕಾದದ್ದು ಇವತ್ತು.