ಡೈರಿಯಲ್ಲಿ ಅಳೆದ ಹಾಲು

ಮೊದಲ ಬಾಟಲಿಯ ಹಾಲು ಕಪ್ಪಿನ ತಳವನ್ನಷ್ಟೇ ಮುಚ್ಚಿತು. ಕೊಬ್ಬು, ನೀರು ಅಳೆಯುವ ಫ್ಯಾಟ್ ಮಿಷನ್ನಿನ ಕೊಳವೆ ಹಾಲಿಗೆ ಎಟುಕದೆ ಗಾಳಿಯಲ್ಲೇ ನಿಂತಿತ್ತು. ಚಂದ್ರಶೇಖರ್ ಬಾಗಿಲ ಕಡೆ ಒಮ್ಮೆ ನೋಡಿದ. ಬೆಳಗಿನ ಹಾಲು ಹಾಕುವವರೆಲ್ಲ ಹೋಗಿಯಾಗಿತ್ತು. ಡೈರಿಯ ಜಗಲಿಯ ಮೇಲೆ ಕ್ಯಾನು ಇಟ್ಟ ಜಾಗದಲ್ಲೆಲ್ಲ ಒದ್ದೆಯ ಬಳೆಗಳು ಮೂಡಿ, ಬಿಸಿಲಿಗೆ ಒಂದೊಂದಾಗಿ ಒಣಗುತ್ತಿದ್ದವು. ಅವನು ಎರಡನೆಯ ಬಾಟಲಿಯ ಮುಚ್ಚಳವನ್ನೂ ತಿರುಗಿಸಿದ.

ಎರಡೂ ಸೇರಿ ಇಪ್ಪತ್ತು ಎಂಎಲ್. ಅವನ ಹೆಂಡತಿ ತೇಜಸ್ವಿನಿ ರಾತ್ರಿಯೆಲ್ಲ ಎದ್ದೆದ್ದು ಕೂತು, ಹೊಟ್ಟೆಯ ಹೊಲಿಗೆ ನೋವಿಗೆ ತುಟಿ ಕಚ್ಚಿಕೊಂಡು ಹಿಂಡಿ ಕೂಡಿಸಿದ್ದು. ಆಸ್ಪತ್ರೆಯಲ್ಲಿರುವ ಮಗುವಿಗೆ ಇದು ಐದು ಹೊತ್ತಿನ ಊಟ. ಎರಡು ಗಂಟೆಗೊಮ್ಮೆ ನಾಲ್ಕು ಎಂಎಲ್, ಮೂಗಿನೊಳಗೆ ಇಳಿಬಿಟ್ಟ ನಳಿಕೆಯಲ್ಲಿ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಸುರಿಯುತ್ತಿತ್ತು.

ಮಗು ಹುಟ್ಟಿ ಹನ್ನೊಂದು ದಿನವಾಗಿತ್ತು. ಹುಟ್ಟಿತು ಅನ್ನಬೇಕೋ, ಹುಟ್ಟುವ ಮುಂಚೆಯೇ ಬಂದುಬಿಟ್ಟಿತು ಅನ್ನಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ. ಏಳು ತಿಂಗಳು ಆಗಷ್ಟೇ ತುಂಬಿತ್ತು. ತೇಜುವನ್ನು ಹೆರಿಗೆಗೆಂದು ಪಾವಗಡದ ಕಡೆಯ ತವರಿಗೆ ಕಳಿಸಲು ದಿನ ನೋಡುತ್ತಿದ್ದರು. ಅಷ್ಟರಲ್ಲಿ ಒಂದು ಮಧ್ಯಾಹ್ನ ಬಿಪಿ ಏರಿ ಕಣ್ಣು ಕತ್ತಲಿಟ್ಟು, ಮಧುಗಿರಿಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಒಂದು ಕೆಜಿ ನೂರಿಪ್ಪತ್ತು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಜ್ಜಿಯರ ಕಥೆಗಳಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿ ಹೊಳೆಗೆ ಬಿಟ್ಟ ಮಕ್ಕಳು ಎಲ್ಲಿಯೋ ಯಾರದೋ ಕೈಗೆ ಸಿಕ್ಕಿ ಬದುಕಿಕೊಳ್ಳುತ್ತವೆ. ಈ ಪೆಟ್ಟಿಗೆಗೆ ಹೊಳೆಯೂ ಇರಲಿಲ್ಲ, ದಡವೂ ಇರಲಿಲ್ಲ. ಎರಡು ವೈರು, ಒಂದು ದೀಪ, ಕುಯ್ ಕುಯ್ ಎನ್ನುವ ಸದ್ದು.

ತೇಜು ಮಗುವನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಐದನೇ ದಿನ ಮನೆಗೆ ಕಳಿಸಿದ ಮೇಲೆ ಹೊಲಿಗೆ ಕೀವುಗಟ್ಟಿ ಜ್ವರ ಬಂತು. ಜ್ವರ ಇದ್ದವರು ಒಳಗೆ ಬರಬಾರದು, ಹಾಲು ಮಾತ್ರ ಕಳಿಸಿ ಎಂದರು. ಪುಡಿಹಾಲು ಇಷ್ಟು ಸಣ್ಣ ಹೊಟ್ಟೆಗೆ ಆಗಿಬರುವುದಿಲ್ಲ, ಉಬ್ಬರಿಸಿದರೆ ಕಷ್ಟ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಅಂದಿನಿಂದ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಡೈರಿ ಕೆಲಸ ಮುಗಿಸಿ, ಬಾಟಲಿಗಳನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಬೈಕಿನಲ್ಲಿ ಮಧುಗಿರಿಗೆ ಹೋಗುವುದು ಅವನ ಪಾಲಿಗೆ ಬಂತು.

ನಿನ್ನೆ ಮಗು ಒಂದು ಕೆಜಿ ಅರವತ್ತಕ್ಕೆ ಇಳಿದಿತ್ತು. "ಮೊದ್ಲು ಇಳಿದು ಆಮೇಲೆ ಏರುತ್ತೆ, ಎಲ್ಲಾ ಮಕ್ಳೂ ಹಾಗೇನೇ," ಎಂದಿದ್ದಳು ಸಿಸ್ಟರ್ ಭುವನಾ. ಅವನ ಕಿವಿಗೆ ಬಿದ್ದದ್ದು ಇಳಿದ ಮಾತು ಮಾತ್ರ. ತೋವಿನಕೆರೆ ಪಕ್ಕದ ಈ ಊರಿನ ಡೈರಿಯಲ್ಲಿ ಅವನು ಒಂಬತ್ತು ವರ್ಷದಿಂದ ಟೆಸ್ಟರ್. ಹಾಲು ಕುಡಿದೂ ಕರು ಬಡವಾದರೆ ಹಾಲನ್ನು ನೋಡಬೇಕು. ಅವನಿಗೆ ಗೊತ್ತಿದ್ದದ್ದು ಅದೊಂದೇ.

ಮಿಷನ್ನು ಗುರ್ ಎಂದು ಹಾಲನ್ನು ಒಳಗೆಳೆದುಕೊಂಡಿತು. ಕೆಂಪು ಅಂಕಿಗಳು ಬಂದವು. ಫ್ಯಾಟು ಎರಡು ಪಾಯಿಂಟ್ ಒಂದು; ಹಸುವಿನ ಹಾಲಿಗೆ ಮೂರೂವರೆಯಾದರೂ ಇರಬೇಕು. ಬೆರೆತ ನೀರು ನೂರಕ್ಕೆ ಹದಿನಾಲ್ಕು. ಹಾಲನ್ನು ಮಿಷನ್ನು ಕಪ್ಪಿಗೆ ವಾಪಸ್ ಬಿಟ್ಟಿತು. ಅವನು ಇನ್ನೊಮ್ಮೆ ಗುಂಡಿ ಒತ್ತಿದ. ಫ್ಯಾಟು ಎರಡು ಪಾಯಿಂಟ್ ನಾಲ್ಕು. ನೀರು ಹದಿಮೂರು. ಅದೇ ಹಾಲು, ಅದೇ ಮಿಷನ್ನು. ಯಾವುದನ್ನು ನಂಬಬೇಕು?

"ಲೇ ಚಂದ್ರ, ಬಾಗ್ಲಾಕ್ಬುಟ್ಯೇನೋ ಅಂತ ಓಡ್ಬಂದೆ ಕಣ್ಲಾ," ಎನ್ನುತ್ತ ಪಟಾಲಮ್ಮ ಕ್ಯಾನು ಹಿಡಿದು ಒಳಗೆ ಬಂದಳು. ಮೇಲಿನ ಕೇರಿಯ ಮುದುಕಿ, ಒಂದು ಹಸು ಕಟ್ಟಿಕೊಂಡವಳು. "ಹಸ ಇವತ್ತು ಒದ್ದಾಡ್ಬುಡ್ತು. ಕಾಲ್ಕಟ್ಟಿ ಕರ್ಯಾ ಹೊತ್ಗೆ ಇಷ್ಟೊತ್ತಾಯ್ತು."

ಅವಳ ಕಣ್ಣು ಮಿಷನ್ನಿನ ಮೇಲೆ ಹೋಯಿತು. ಅಕ್ಷರ ಬರದಿದ್ದರೂ ಅಂಕಿ ಬರುತ್ತಿತ್ತು. ನೀರಿನ ಅಂಕಿ ಯಾವ ಮೂಲೆಯಲ್ಲಿ ಮೂಡುತ್ತದೆ ಎಂಬುದಂತೂ ಚೆನ್ನಾಗಿ ಗೊತ್ತಿತ್ತು. ಹೋದ ತಿಂಗಳು ಎರಡು ಸಲ ಅವಳ ಹಾಲು ಆ ಮೂಲೆಯಿಂದಲೇ ವಾಪಸಾಗಿತ್ತು.

"ಹದ್ಮೂರಾ? ಯಾವ್ ಪುಣ್ಯಾತ್ಗಿತ್ತೀದ್ಲಾ ಇದು? ನಂದು ಆರು ಬಂದಿದ್ಕೇ ಊರೋರಿಗೆಲ್ಲ ಕೇಳೋಂಗೆ ಮಾತಾಡ್ದೆ. ಇವ್ಳು ಬಾವೀನೇ ಹೊತ್ಕಂಬಂದು ಹುಯ್ದವ್ಳಲ್ಲೋ!"

ಅವಳ ನಗು ಮೇಜಿನ ಮೇಲಿದ್ದ ಎರಡು ಪುಟ್ಟ ಬಾಟಲಿಗಳನ್ನು ಮುಟ್ಟಿ ಅಲ್ಲೇ ನಿಂತಿತು.

"ತೇಜೂದೇನ್ಲಾ?"

"ಹೂಂ."

"ಅಯ್ಯೋ ನಿನ್ನ ಬುದ್ದಿಗಿಷ್ಟು ಬೆಂಕಿ ಹಾಕ. ಬಾಣ್ತಿ ಹಾಲ್ನ ಹಸಿನ್ ಹಾಲಿನ್ ಮಿಷನ್ಗೆ ಹುಯ್ತಾರೇನ್ಲಾ ಯಾರಾನ?"

"ತೂಕ ಇಳೀತೈತೆ ಅಜ್ಜಿ. ಹಾಲ್ನಾಗೆ ಏನಾರ ಕಮ್ಮಿ ಐತಾ ನೋಡಾನ ಅಂತ..."

"ನೋಡಿ? ಕಮ್ಮಿ ಬಂದ್ರೆ ಹಿಂಡಿ ಬೂಸ ಇಕ್ತೀಯಾ?"

ಅವನು ಹೆಚ್ಚುಕಡಿಮೆ ಅದನ್ನೇ ಯೋಚಿಸಿದ್ದ. ಹಿಂಡಿಯಲ್ಲ, ತುಪ್ಪ, ಕೊಬ್ಬರಿ, ಸಬ್ಬಸಿಗೆ ಸೊಪ್ಪು. ಕಮ್ಮಿ ಎಂದು ಗೊತ್ತಾದರೆ ಹೆಚ್ಚು ಮಾಡಲು ಒಂದು ದಾರಿ ಇರುತ್ತದೆ. ಈಗ ಕಮ್ಮಿ ಎಂದು ಗೊತ್ತಾಗಿತ್ತು. ದಾರಿ ಮಾತ್ರ ಇನ್ನಷ್ಟು ಮಸುಕಾಗಿತ್ತು.

"ಹಾಲ್ನ ವಾಪಸ್ ಉಗುಳೈತಲ್ಲ ಅದು," ಪಟಾಲಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. "ಬಾಟ್ಲಿಗ್ ಹಾಕ್ಕಂಡು ತಕ್ಕಂಡೋಗು. ಯಾರಿಗ್ ಗೊತ್ತಾಯ್ತದೆ? ರುಚಿ ಕೇಳೋ ಅಷ್ಟು ದೊಡ್ಡೋಳಾಗವ್ಳಾ ಅವ್ಳು?" ಆಮೇಲೆ ಕ್ಯಾನು ಮುಂದೆ ಸರಿಸಿದಳು. "ನಂದು ಹಾಕ್ಕತೀಯೋ, ಇಲ್ಲ ನಾನೂ ವಾಪಸ್ ಹೋಗ್ಲೋ?"

ಅವನು ಅವಳ ಹಾಲನ್ನು ಟೆಸ್ಟ್ ಮಾಡದೆಯೇ ದೊಡ್ಡ ಕ್ಯಾನಿಗೆ ಸುರಿದುಕೊಂಡ. ಅವಳು ಹೋದ ಮೇಲೆ ಕಪ್ಪಿನ ಹಾಲನ್ನು ಜೋಪಾನವಾಗಿ, ಒಂದು ಹನಿಯೂ ಬೀಳದಂತೆ ಬಾಟಲಿಗಳಿಗೆ ತುಂಬಿದ.

ಬೈಕು ಕೊರಟಗೆರೆ ದಾಟುವವರೆಗೂ ಅವನಿಗೆ ಸಮಾಧಾನವಿತ್ತು. ಒಂದು ಹನಿಯೂ ಹಾಳಾಗಲಿಲ್ಲ. ಆಮೇಲೆ ಮಿಷನ್ನಿನ ಕೊಳವೆ ಕಣ್ಣಿಗೆ ಬಂತು. ಬೆಳಿಗ್ಗೆ ಎಂಬತ್ತು ಮನೆಯ ಹಾಲು ಅದರಲ್ಲಿ ಹಾದುಹೋಗಿತ್ತು. ಸೋಡಾ ಹಾಕಿ ತೊಳೆಯುವುದು ಬೀಗ ಹಾಕುವ ಮುಂಚೆ. ಇವತ್ತು ಈ ಹಾಲು ಸುರಿಯುವ ಮುಂಚೆ ನೀರಲ್ಲಿ ಒಮ್ಮೆ ಆಡಿಸಿದ್ದಷ್ಟೇ. ಏನಾಗುತ್ತೆ? ಸಣ್ಣವನಿದ್ದಾಗ ಹಸುವಿನ ಕೆಚ್ಚಲ ಕೆಳಗೆ ಬಾಯಿ ಒಡ್ಡಿ ಕುಡಿದವನು ಅವನು. ಏನೂ ಆಗಿರಲಿಲ್ಲ. ಆದರೆ ಅವನು ಒಂಬತ್ತು ತಿಂಗಳು ತುಂಬಿ ಹುಟ್ಟಿದ್ದ. ಕೊಡದಿದ್ದರೆ ಮಗು ಹಸಿದಿರುತ್ತದೆ. ಕೊಟ್ಟರೆ? ತಿರುವಿನಲ್ಲಿ ಮಧುಗಿರಿಯ ಬೆಟ್ಟ ಎದ್ದು ನಿಂತಿತು. ಬಿಸಿಲು ಬಿದ್ದ ಒಂದೇ ಬಂಡೆ. ಎಷ್ಟು ಹತ್ತಿರ ಹೋದರೂ ಅದು ಅಷ್ಟೇ ದೂರದಲ್ಲಿದ್ದಂತೆ ಕಾಣುತ್ತಿತ್ತು.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಭುವನಾ ಬಾಗಿಲನ್ನು ಅರ್ಧ ತೆರೆದು ಕೈಚಾಚಿದಳು. "ಕರೆಕ್ಟ್ ಟೈಮಿಗೆ ಬಂದ್ರಿ. ನಿನ್ನೆ ಸಂಜೆದು ಬೆಳಿಗ್ಗೆ ಎಂಟು ಗಂಟೆಗೇ ಮುಗೀತು. ಹತ್ತಕ್ಕೆ ಮುಂದಿನ ಫೀಡ್."

ಅವನು ಬಾಟಲಿಗಳನ್ನು ಕೊಟ್ಟ. ಅವಳು ಅಂಟಿಸಿದ ಚೀಟಿಯಲ್ಲಿ 'ತೇಜಸ್ವಿನಿಯ ಮಗು' ಎಂದು ಓದಿಕೊಂಡು ಒಳಗೆ ತಿರುಗಿದಳು. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳತೊಡಗಿತು. ಇನ್ನೊಂದು ಗೇಣು ಉಳಿದಿರುವಾಗ ಅವನು ಚಪ್ಪಲಿ ಕಾಲನ್ನೇ ಅಡ್ಡ ಇಟ್ಟ.

"ಸಿಸ್ಟರ್, ಕೊಡ್ಬ್ಯಾಡಿ ಅದನ್ನ."

"ಯಾಕ್ರೀ?"

"ಚೆಲ್ಹೋಯ್ತು."

"ಏನ್ರೀ ಚೆಲ್ಲೋದು, ತುಂಬಾ ಇದೆಯಲ್ಲ?"

ಅವನು ಹೇಳಿದ. ಡೈರಿ, ಮಿಷನ್ನು, ಕಪ್ಪು, ಎರಡು ಪಾಯಿಂಟ್ ಒಂದು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಬೇರೆ ಯಾರದೋ ಊರಿನ ಸುದ್ದಿಯಂತೆ ಕೇಳಿಸಿತು. ಭುವನಾ ಬೈಯಲಿಲ್ಲ. ಅವನ ಎದುರಿಗೇ ಎರಡೂ ಬಾಟಲಿಗಳನ್ನು ಸಿಂಕಿಗೆ ಬಗ್ಗಿಸಿದಳು. ಇಪ್ಪತ್ತು ಎಂಎಲ್ ಸದ್ದನ್ನೂ ಮಾಡಲಿಲ್ಲ.

"ಹಸು ಹಾಲಿಗೆ ಅಂತ ಮಾಡಿರೋ ಮಿಷನ್ನಿಗೆ ನಮ್ಮ ಹಾಲು ಏನ್ರೀ ಗೊತ್ತಾಗುತ್ತೆ?" ಎಂದಳು ಕೊನೆಗೆ. "ಹೋಗ್ಲಿ. ಈಗ ಹತ್ತು ಗಂಟೆಗೆ ಏನ್ ಕೊಡ್ಲಿ ನಾನು? ಡಾಕ್ಟರ್ನ ಕೇಳ್ತೀನಿ, ಡ್ರಿಪ್ ಮೇಲೆ ಮಧ್ಯಾಹ್ನದವರೆಗೂ ತಡೀಬಹುದು. ತಾಯೀನ ಕರೆಸ್ರಿ. ಜ್ವರ ಬಿಟ್ಟು ಎರಡು ದಿನ ಆಯ್ತು ಅಂದ್ರಲ್ಲ, ಇನ್ನೂ ಯಾಕೆ ಬಂದಿಲ್ಲ ಅವ್ರು?"

ಅದು ಅವನಿಗೂ ತಿಳಿದಿರಲಿಲ್ಲ. ಎರಡು ದಿನದಿಂದ ಕರೆದರೆ ತೇಜು "ನಾಳೆ" ಅನ್ನುತ್ತಿದ್ದಳು. ಅವನು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಮಾತ್ರ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು, ಚಿತ್ರ ಒಡೆದು ಬರೀ ಬಣ್ಣದ ಚೌಕಗಳಾಗುವವರೆಗೂ.

ಫೋನ್ ಮಾಡಿದ. "ತೇಜು, ಆಟೋ ಹೇಳ್ತೀನಿ, ಹೊರಟು ಬಾ."

"ಏನಾಯ್ತು? ಮಗೂಗೆ..."

"ಮಗು ಚೆನ್ನಾಗೈತೆ. ಹಾಲು ಬೇಕಂತೆ."

"ಸಾಲ್ಲಿಲ್ವಾ? ಇನ್ನೂ ಜಾಸ್ತಿ ಬರ್ಲಿಲ್ಲ ರೀ, ಎಷ್ಟು ಹಿಂಡಿದ್ರೂ ಅಷ್ಟೇ ಬಂದಿದ್ದು."

"ಸಾಲ್ತಿತ್ತು. ನಾನು ಹಾಳ್ಮಾಡ್ಬುಟ್ಟೆ." ಅವನು ಅದನ್ನೂ ಹೇಳಿದ. ಫೋನು ಕಟ್ ಆಯಿತೋ, ಅವಳೇ ಇಟ್ಟಳೋ ತಿಳಿಯಲಿಲ್ಲ.

ಹನ್ನೊಂದೂವರೆಗೆ ಅವಳು ಬಾಣಂತನಕ್ಕೆ ಪಾವಗಡದ ಕಡೆಯಿಂದ ಬಂದಿದ್ದ ತನ್ನ ತಾಯಿ ಲಕ್ಕಮ್ಮನ ತೋಳು ಹಿಡಿದು ಲಿಫ್ಟಿನಿಂದ ಹೊರಬಂದಳು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ. ಗಂಡನನ್ನು ದಾಟಿಕೊಂಡು ಹಾಲು ತೆಗೆಯುವ ಕೋಣೆಯ ಪರದೆಯ ಹಿಂದೆ ಹೋದಳು. ಲಕ್ಕಮ್ಮ ಮಾತ್ರ ಅವನ ಎದುರು ನಿಂತು, ಸಿಟ್ಟಿಗೆ ತೆಲುಗು ಬೆರೆಸಿ ಕೇಳಿದಳು.

"ಏಮಪ್ಪಾ, ಬುದ್ದಿ ಇರೋರು ಮಾಡೋ ಕೆಲ್ಸನಾ ಇದು? ರಾತ್ರಿಯೆಲ್ಲ ಕಣ್ಣೀರು ಹಾಕ್ಕೊಂಡು ಪಿಂಡ್ಯವ್ಳೆ ನನ್ನ ತಲ್ಲಿ. ನೀವು ಅದಕ್ಕೆ ಮಾರ್ಕು ಹಾಕೋಕೆ ಹೋಗಿದ್ರಂತೆ."

"ತಪ್ಪಾಯ್ತು ಅತ್ತೆ."

"ನನ್ಗೇನು ಹೇಳೋದು? ಅಲ್ಲಿ ಹೇಳಿ," ಎಂದು ಪರದೆಯ ಕಡೆ ಗದ್ದ ತಿರುಗಿಸಿದಳು.

ಅರ್ಧ ಗಂಟೆಯ ಮೇಲೆ ತೇಜು ಹೊರಬಂದಳು. ಬಾಟಲಿಯ ತಳದಲ್ಲಿ ಆರು ಎಂಎಲ್ ಹಾಲಿತ್ತು. ಅದನ್ನು ಭುವನಾಳ ಕೈಗೇ ಕೊಟ್ಟು, ಬೆಂಚಿನ ಅಂಚಿನಲ್ಲಿ ಮೆಲ್ಲಗೆ ಕೂತಳು.

"ಎಷ್ಟು ಬಂತು?"

"ಆರು ಎಂಎಲ್ ಐತಲ್ಲ..."

"ಅದಲ್ಲ. ಮಿಷನ್ನಲ್ಲಿ."

ಅವನು ನೆಲ ನೋಡಿದ. "ಒಂದ್ಸಲ ಎರಡು ಪಾಯಿಂಟ್ ಒಂದು. ಇನ್ನೊಂದ್ಸಲ ಎರಡು ಪಾಯಿಂಟ್ ನಾಕು."

"ನೀರು?"

"ಹದ್ನಾಕು. ಆಮೇಲೆ ಹದ್ಮೂರು."

"ಬೇರೆ ಯಾರಾದ್ರೂ ತಂದಿದ್ರೆ?"

"ತೇಜು, ಸಿಸ್ಟರ್ ಹೇಳಿದ್ರು, ಆ ಮಿಷನ್ನಿಗೆ ಇದು..."

"ಬೇರೆಯೋರು ತಂದಿದ್ರೆ ಏನ್ಮಾಡ್ತಿದ್ರಿ ಹೇಳಿ."

"ವಾಪಸ್ ಕಳಿಸ್ತಿದ್ದೆ."

ಅವಳು ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದುಕೊಂಡು ಮುಂದಕ್ಕೆ ಬಾಗಿದಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ಗೊತ್ತಾಗಲಿಲ್ಲ. ಲಕ್ಕಮ್ಮನಿಗೂ ಗೊತ್ತಾಗದೆ, ಬೆನ್ನ ಮೇಲೆ ಇಡಲು ಎತ್ತಿದ ಕೈಯನ್ನು ಹಾಗೇ ಹಿಡಿದಿದ್ದಳು.

"ಅಮ್ಮಾ, ಹೊಲಿಗೆ, ಹೊಲಿಗೆ," ಎಂದಳು ತೇಜು ಉಸಿರು ಎಳೆದುಕೊಂಡು. ಮುಖ ಎತ್ತಿದಾಗ ಕೆನ್ನೆ ಒದ್ದೆಯಾಗಿತ್ತು. "ನಾಳೆಯಿಂದ ನೀವು ಹಾಲು ತರ್ಬೇಡಿ. ನಾನು ಇಲ್ಲೇ ಇರ್ತೀನಿ. ಎಲ್ಲಾದ್ರೂ ಒಂದು ಚಾಪೆ ಹಾಕ್ಕೊಂಡು ಇರ್ತೀನಿ."

"ಕೆಳಗಡೆ ತಾಯಂದಿರು ಉಳ್ಕೊಳ್ಳೋ ವಾರ್ಡ್ ಇದೆ, ಚಾಪೆ ಯಾಕೆ?" ಭುವನಾ ಬಾಗಿಲಿನಿಂದ ಕರೆದಳು. "ಬನ್ನಿ ಇಬ್ರೂ. ಕೈ ಮೊಣಕೈವರೆಗೂ ತೊಳ್ಕೊಳಿ. ಉಂಗುರ, ಬಳೆ ಎಲ್ಲಾ ಬಿಚ್ಚಿ."

"ಇಬ್ರೂನಾ?" ತೇಜು ಎದ್ದವಳು ನಿಂತೇ ಇದ್ದಳು. "ಸಿಸ್ಟರ್, ಅದು... ಅವಳು ನನ್ನ ನೋಡಿಲ್ಲ. ಯಾರು ಅಂತ ಅವಳಿಗೆ..."

"ಅವಳು ಇನ್ನೂ ಯಾರನ್ನೂ ನೋಡಿಲ್ಲ. ಬನ್ನಿ."

ಒಳಗೆ ಗಾಳಿ ಬೆಚ್ಚಗಿತ್ತು. ಅವರದು ಮೂರನೆಯ ಪೆಟ್ಟಿಗೆ. ಭುವನಾ ಅದರ ಪಕ್ಕದ ದುಂಡು ಕಿಂಡಿ ತೆರೆದು, ಮಗುವಿನ ಮೂಗಿನ ನಳಿಕೆಯ ಇನ್ನೊಂದು ತುದಿಗೆ ಒತ್ತುವ ಕಡ್ಡಿ ತೆಗೆದ ಸಿರಿಂಜ್ ಒಂದನ್ನು ಸಿಕ್ಕಿಸಿದಳು. ನಾಲ್ಕು ಎಂಎಲ್ ಹಾಲು ಸುರಿದು, ಸಿರಿಂಜನ್ನು ಚಂದ್ರಶೇಖರನ ಕೈಗೆ ಕೊಟ್ಟಳು.

"ಹಿಡ್ಕೊಳಿ. ಒತ್ತೋದು ಗಿತ್ತೋದು ಏನಿಲ್ಲ. ಸುಮ್ನೆ ಎತ್ತಿ ಹಿಡ್ಕೊಂಡು ನಿಂತ್ಕೊಳಿ, ಅದೇ ಇಳಿಯುತ್ತೆ. ಜಾಸ್ತಿ ಮೇಲೆತ್ತಿದ್ರೆ ಜೋರಾಗಿ ಹೋಗುತ್ತೆ, ಹುಷಾರು."

ಅವನು ಎತ್ತಿ ಹಿಡಿದ. ಹಾಲು ಅಲ್ಲಾಡಲಿಲ್ಲ. ಏನೋ ತಪ್ಪಿರಬೇಕು ಎನಿಸಿ ಅವನು ಭುವನಾಳ ಕಡೆ ನೋಡಿದ. ಅವಳು ಆಗಲೇ ಪಕ್ಕದ ಪೆಟ್ಟಿಗೆಗೆ ಹೋಗಿದ್ದಳು. ತೋಳು ನೋಯತೊಡಗಿತು. ಇನ್ನೊಂದು ಕಿಂಡಿಯಿಂದ ತೇಜು ಕೈ ಒಳಗಿಟ್ಟಿದ್ದಳು. ಇಟ್ಟ ಕೈಯನ್ನು ಎಲ್ಲಿ ಊರಬೇಕೆಂದು ತಿಳಿಯದೆ ಮಗುವಿನ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ಹಾಗೇ ತಡೆದಿದ್ದಳು.

ಮಗು ನಿದ್ದೆಯಲ್ಲೇ ಬಾಯನ್ನು ಒಮ್ಮೆ ಚಪ್ಪರಿಸಿತು. ಸಿರಿಂಜಿನೊಳಗೆ ಒಂದು ಗುಳ್ಳೆ ತಳ ಬಿಟ್ಟು ನಿಧಾನಕ್ಕೆ ಮೇಲೆ ಬಂದು ಒಡೆಯಿತು. ಹಾಲು ಇಳಿಯತೊಡಗಿತು.