ಐದು ಗಂಟೆಯ ಮಿಸ್ ಕಾಲ್

ನಿದ್ದೆಯ ವಿಷಯದಲ್ಲಿ ನಾನು ಯಾರಿಗೂ ಬಗ್ಗಿದವಳಲ್ಲ. ಹತ್ತನೇ ಕ್ಲಾಸು ಬಂದರೇನು, ಪಬ್ಲಿಕ್ ಪರೀಕ್ಷೆ ಬಂದರೇನು, ಏಳು ಗಂಟೆಗೆ ಮುಂಚೆ ಎಬ್ಬಿಸಿದವರ ಮೇಲೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಒಳ್ಳೆಯವಳು ಅಂದುಕೊಂಡು ಓದಬೇಡಿ.

ನಮ್ಮೂರು ಹೊನ್ನೂರು, ಹೈಸ್ಕೂಲು ಯಳಂದೂರಿನಲ್ಲಿ. ದೀಪಾವಳಿ ಕಳೆದ ಮೇಲೆ ಮ್ಯಾಥ್ಸಿನ ಮಹದೇವಸ್ವಾಮಿ ಸರ್ ಒಂದು ಕಾನೂನು ತಂದರು. ಹತ್ತನೆಯವರೆಲ್ಲ ಬೆಳಗ್ಗೆ ಐದಕ್ಕೆ ಎದ್ದು ಅವರ ಫೋನಿಗೆ ಒಂದು ಮಿಸ್ ಕಾಲ್ ಕೊಡಬೇಕು. ಎದ್ದು ಓದಲು ಕೂತಿದ್ದೀರಿ ಅನ್ನುವುದಕ್ಕೆ ಅದೇ ಸಾಕ್ಷಿ. ಕೊಡದವರು ಪ್ರೇಯರ್‌ನಲ್ಲಿ ಎಲ್ಲರ ಮುಂದೆ ನಿಲ್ಲಬೇಕು.

ನಮ್ಮ ಮನೆಯಲ್ಲಿ ನಾಲ್ಕೂವರೆಗೇ ಏಳುವವಳು ಅಜ್ಜಿ ದೊಡ್ಡಬಸಮ್ಮ. ಕೊಟ್ಟಿಗೆ ಗುಡಿಸಿ ಹಸು ಕರೆಯುವುದು ಅವಳ ಕೆಲಸ. ಓದು ಬರಹ ಗೊತ್ತಿಲ್ಲ. ಅಪ್ಪನ ಫೋನಿನಲ್ಲಿ ನಾನು ಸರ್ ಫೋಟೊ ಮುಂದೆಯೇ ಕಾಣುವಂತೆ ಇಟ್ಟು ಅವಳನ್ನು ಕೂರಿಸಿಕೊಂಡು ಪಾಠ ಮಾಡಿದೆ.

"ಅಜ್ಜಿ, ಗುಡಿ ಮೈಕು ಶುರುವಾದ ತಕ್ಷಣ ಈ ಮೀಸೆ ಫೋಟೊ ಒತ್ತು. ಒಂದ್ಸಲ ಬಡ್ಕಂಡ ಮೇಲೆ ಈ ಕೆಂಪುದ ಒತ್ತು."

"ಒತ್ತುದ್ರ ಏನಾದ್ದಮ್ಮಿ?"

"ನಂಗೆ ಮಾರ್ಕ್ಸ್ ಸೇರ್ತದೆ."

"ನೀನೇ ಒತ್ತಬ್ಯಾಡ್ವಾ?"

"ಯಾರು ಒತ್ತುದ್ರೂ ಆಯ್ತದೆ ಕಣಜ್ಜಿ. ಒಂದಿನಾನೂ ತಪ್ಪಬಾರ್ದು ಅಷ್ಟೇಯ."

ಅವಳು ತಪ್ಪಿಸಲಿಲ್ಲ. ಒಂದು ಸಲ ಜ್ವರ ಬಂದು ಮೈ ಕೆಂಡವಾಗಿದ್ದಾಗಲೂ ಗೋಡೆ ಹಿಡಿದುಕೊಂಡು ಎದ್ದು, ಫೋಟೊ ಒತ್ತಿ, ಮತ್ತೆ ಮಲಗಿದಳಂತೆ. ಅಮ್ಮ ಹೇಳಿದ್ದು. ನಾನು ಹೊದಿಕೆಯೊಳಗಿಂದ "ಊಂ" ಅಂದು ಮಗ್ಗುಲು ಬದಲಿಸಿದೆ. ರಾತ್ರಿಯೆಲ್ಲ ರೀಲ್ಸ್ ನೋಡಿದವಳಿಗೆ ಇನ್ನೇನು ಕೇಳಿಸೀತು.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ದೀಪ ದಿನಾ ನಿಜವಾಗಿಯೂ ಐದಕ್ಕೆ ಎದ್ದು ಓದುತ್ತಿದ್ದಳು. ಆದರೆ ಅವಳಪ್ಪ ಫೋನನ್ನು ಜೇಬಿಗಿಟ್ಟುಕೊಂಡು ನಾಲ್ಕಕ್ಕೇ ಹಾಲಿನ ವ್ಯಾನಿಗೆ ಹೋದ ದಿನ ಕಾಲ್ ತಪ್ಪುತ್ತಿತ್ತು. ಅವತ್ತು ಅವಳು ಪ್ರೇಯರ್‌ನಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದಳು, ನನಗೆ ಚಪ್ಪಾಳೆ ಬೀಳುತ್ತಿತ್ತು. "ಪವಿತ್ರನ್ನ ನೋಡಿ ಕಲೀರಿ" ಎಂದು ಸರ್ ನನಗೊಂದು ಪೆನ್ನು ಕೊಟ್ಟರು. "ನೀನು ಅದೆಂಗೆ ದಿನಾ ಏಳ್ತೀಯೆ?" ಎಂದು ದೀಪ ಕೇಳಿದಾಗ, "ಮನಸ್ಸು ಮಾಡ್ಬೇಕು ಕಣೇ" ಅಂದೆ. ಥೂ, ನನ್ನ ಬಾಯಿಗೆ ಬೆಂಕಿ ಬೀಳ!

ಆ ಪೆನ್ನನ್ನು ಅಜ್ಜಿ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಳು.

ಜನವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ ಆಯಿತು. ಮ್ಯಾಥ್ಸಿನಲ್ಲಿ ನನಗೆ ಎಂಬತ್ತಕ್ಕೆ ಹದಿನೇಳು. ದೀಪಳಿಗೆ ಅರವತ್ತೆರಡು. ಪೋಷಕರ ಸಭೆ ಕರೆದರು. ಅವತ್ತು ಅಪ್ಪ ಅಮ್ಮ ಕಬ್ಬು ಕಡಿಯಲು ಹೋಗಿದ್ದರಿಂದ ಅಜ್ಜಿಯೇ ಒಳ್ಳೆಯ ಸೀರೆ ಉಟ್ಟುಕೊಂಡು ಬಸ್ಸು ಹತ್ತಿದಳು. ಬಾಯಿ ಬಿಡಬೇಡ ಎಂದು ಅವಳಿಗೆ ಹೇಳಿಕೊಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅವಳನ್ನು ಯಾರು ಮಾತಾಡಿಸುತ್ತಾರೆ ಅಂದುಕೊಂಡಿದ್ದೆ.

ಕ್ಲಾಸು ತುಂಬಾ ಜನ. ಸರ್ ಒಬ್ಬೊಬ್ಬರ ಹೆಸರು ಕೂಗಿ ಅಂಕ ಓದುತ್ತಿದ್ದರು. ನನ್ನ ಸರದಿ ಬಂತು.

"ಪವಿತ್ರ, ಹದಿನೇಳು. ಅಜ್ಜಿ, ಈ ಹುಡುಗಿ ಮೂರು ತಿಂಗಳಿಂದ ಐದು ಗಂಟೆ ಕಾಲ್ ಒಂದಿನಾನೂ ತಪ್ಸಿಲ್ಲ. ಆದ್ರೂ ಯಾಕೆ ಹಿಂಗಾಯ್ತು?"

ಅಜ್ಜಿ ಎದ್ದು ನಿಂತು ಕೈ ಮುಗಿದಳು.

"ತಪ್ಪು ನಂದೆಯ ಸಾ. ನಿಮ್ ಮೀಸ ಫೋಟೊ ದಿನಾ ಒತ್ತವ್ಳು ನಾನೇ. ನಂಗ ಕಣ್ಣು ಮಂಜು. ಎಲ್ಲೋ ಒಸಿ ಅತ್ತಗಿತ್ತ ಒತ್ಬುಟ್ಟಿರ್ಬೇಕು. ಕೂಸಿಗ ಸೇರ್ಬೇಕಾದ ಮಾರ್ಕ್ಸು ಇನ್ಯಾರ್ಗೋ ಓಗದ. ಒಸಿ ನೋಡಿ ಸಾ, ಕೂಸಿಂದು ಏನೂ ತಪ್ಪಿಲ್ಲ."

ಮೊದಲು ಹಿಂದಿನ ಬೆಂಚಿನ ಹುಡುಗರು ನಕ್ಕರು, ಆಮೇಲೆ ಎಲ್ಲರೂ. ದೀಪ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು, ಸ್ಪಷ್ಟವಾಗಿ, ಒಂದು ಅಕ್ಷರವೂ ತಡವರಿಸದೆ ಹೇಳಿದೆ:

"ಅಜ್ಜಿಗೆ ಮರೆವು ಸಾರ್. ಏನೇನೋ ಮಾತಾಡ್ತಾಳೆ."

ಅಜ್ಜಿ ನನ್ನ ಕಡೆ ತಿರುಗಿದಳು. ಬಾಯಿ ತೆರೆದವಳು ನನ್ನ ಮುಖ ನೋಡಿ ಮುಚ್ಚಿಕೊಂಡಳು. ಆಮೇಲೆ ಸರ್ ಕಡೆ ತಿರುಗಿ, "ಊಂ ಸಾ, ನಂಗ ಮರವು. ವಯಸ್ಸಾಯ್ತಲ್ಲ" ಅಂದು ಸೆರಗು ಹೊದ್ದು ಕೂತಳು. ಸರ್ ಮುಂದಿನ ಹೆಸರು ಕೂಗಿದರು.

ಬಸ್ಸಿನಲ್ಲಿ ಅಜ್ಜಿ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು.

ಮರುದಿನ ಯಾರೂ ಎಬ್ಬಿಸದೆ ನನಗೆ ಎಚ್ಚರವಾಯಿತು. ಗುಡಿ ಮೈಕು ಶುರುವಾಗಿತ್ತು. ಅಜ್ಜಿ ಫೋನನ್ನು ತಂದು ನನ್ನ ದಿಂಬಿನ ಪಕ್ಕ ಇಟ್ಟು ಹೋಗಿದ್ದಳು. ನಾನು ಫೋಟೊ ಒತ್ತಿದೆ. ಕೆಂಪು ಬಟನ್ ಒತ್ತುವ ಮುಂಚೆಯೇ ಸರ್ ಎತ್ತಿಬಿಟ್ಟರು.

"ಯಾರು?"

"ಪವಿತ್ರ ಸಾರ್." ಎದ್ದು ಕೂತೆ. "ಸಾರ್, ನಮ್ಮಜ್ಜಿಗೆ ಮರೆವಿಲ್ಲ."

"ಗೊತ್ತಮ್ಮ" ಅಂದರು ಸರ್. "ಮರೆವಿರೋರು ಮೂರು ತಿಂಗಳು ಒಂದಿನಾನೂ ತಪ್ಪದಂಗೆ ಫೋನ್ ಮಾಡ್ತಾರಾ? ನಂಗಲ್ಲ, ನಿಮ್ಮಜ್ಜಿಗೆ ಹೇಳು."

ತಿರುಗಿ ನೋಡಿದರೆ ಅಜ್ಜಿ ಹಾಲಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಸರಿಯಾಗಿ ಒತ್ತುದ್ಯಾ ಕೂಸೇ?"

"ನೀನೂ ಸರಿಯಾಗೇ ಒತ್ತಿದ್ದೆ ಅಜ್ಜಿ. ಅದಕ್ಕೂ ಮಾರ್ಕ್ಸಿಗೂ ಸಂಬಂಧವೇ ಇಲ್ಲ. ನಾನು ಸುಳ್ಳು ಹೇಳ್ದೆ. ನಾನು ಓದಲೇ ಇಲ್ಲ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ನಾನೂ ಒಂದಿಷ್ಟು ಕೂಗಾಡಿ ಹಗುರಾಗುತ್ತಿದ್ದೆ. ಅವಳು ಚೊಂಬನ್ನು ಕೆಳಗಿಟ್ಟು, ಲೈಟು ಹಾಕಿ, ನನ್ನ ಮ್ಯಾಥ್ಸ್ ಪುಸ್ತಕವನ್ನು ಹುಡುಕಿ ತಂದಳು. ಅದು ಮ್ಯಾಥ್ಸ್ ಎಂದು ಅವಳಿಗೆ ಹೇಗೆ ಗೊತ್ತಾಯಿತೋ.

"ಅಂಗಾರ ನೆನ್ನ ಅಷ್ಟು ಜನದ ಮುಂದ ನಂಗ ಮರವು ಅಂದ್ಯಲ್ಲ, ಯಾಕಮ್ಮಿ?"

ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಳು. ನಾನು ಪುಸ್ತಕದಲ್ಲಿ ಮುಖ ಇಟ್ಟುಕೊಂಡೆ. ಅಜ್ಜಿ "ಓಗ್ಲಿ ಬುಡು, ಓದ್ಕೊ" ಅಂದು ಚೊಂಬು ಎತ್ತಿಕೊಂಡು ಒಳಗೆ ಹೋದಳು.