ಮುಚ್ಚಳದಮ್ಮ

ಬಾಯಿ ತೆರೆದ ಡಬ್ಬಿಯೊಂದು ಕಣ್ಣಿಗೆ ಬಿದ್ದರೆ ಅವರಿಗೆ ಮಾತು ಮುಂದುವರಿಸುವುದೇ ಆಗುತ್ತಿರಲಿಲ್ಲ. ಮಗಳ ಮನೆಗೆ ಹೋದರೂ ಮೊದಲು ಉಪ್ಪಿನ ಡಬ್ಬಿ ಮುಚ್ಚಿ, ಆಮೇಲೆ ಮೊಮ್ಮಗಳನ್ನು ಎತ್ತಿಕೊಳ್ಳುವವರು. ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ರಕ್ತಪರೀಕ್ಷೆ ಮಾಡಿದ ಈ ಹಿರಿಯಾಕೆ, ಒಂದು ಭುಜ ಮುಂದೆ ಮಾಡಿಕೊಂಡು, ಜಗಳಕ್ಕೆ ಹೊರಟವರಂತೆ ದಾಪುಗಾಲು ಹಾಕುತ್ತ ಬಂದರೆ, ಬಿಳಿ ಕೋಟಿನ ಎಡಜೇಬಿನಲ್ಲಿ ವಾರಸುದಾರರಿಲ್ಲದ ಮುಚ್ಚಳಗಳು ಕಟಕಟ ಎನ್ನುತ್ತಿದ್ದವು. ವಾರ್ಡಿನವರು ಮುಚ್ಚಳದಮ್ಮ ಎಂದು ಹೆಸರಿಟ್ಟು ನಗುತ್ತಿದ್ದರು. ಆಫೀಸಿನ ಗುಮಾಸ್ತನಾದ ನಾನೂ ನಕ್ಕವನೇ.

ಆ ಹಟಕ್ಕೆ ಕಾರಣವಿತ್ತು. ಸಕ್ಕರೆ ಅಳೆಯುವ ಸ್ಟ್ರಿಪ್ಪಿನ ತುದಿಗೆ ಬಳಿದ ಕಿಣ್ವ, ರಕ್ತದ ಹನಿಯಲ್ಲಿರುವ ಸಕ್ಕರೆಯೊಡನೆ ವರ್ತಿಸಿ ಇಷ್ಟೇ ಇಷ್ಟು ವಿದ್ಯುತ್ತು ಹುಟ್ಟಿಸುತ್ತದೆ. ಮೀಟರು ಅದನ್ನೇ ಅಂಕಿಯಾಗಿ ಓದುತ್ತದೆ. ಡಬ್ಬಿ ತೆರೆದಿಟ್ಟು ತೇವ ತಾಗಿತೋ, ಆ ಲೇಪ ಕೆಡುತ್ತದೆ. ಅಂಕಿ ಮಾತ್ರ ಎಂದಿನ ಗಾಂಭೀರ್ಯದಿಂದಲೇ ಮೂಡುತ್ತದೆ. ಇದನ್ನು ಅವರು ವಾರ್ಡು ವಾರ್ಡಿಗೆ ಹೋಗಿ ಹೇಳಿದರು, ಗೋಡೆಗೆ ಚೀಟಿ ಅಂಟಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ವಾರ್ಡಿನಲ್ಲಿ ಶಾಲಾ ಮೇಷ್ಟರೊಬ್ಬರು ಬೆವರಿ ತೊಪ್ಪೆಯಾಗಿ ನಡುಗುತ್ತಿದ್ದರು. ಮೀಟರು ತೋರಿಸಿದ್ದು ಇನ್ನೂರ ಎಂಬತ್ತು. ಸಕ್ಕರೆ ಇಳಿಸುವ ಇನ್ಸುಲಿನ್ನನ್ನು ಹೊಸ ಡಾಕ್ಟರು ಸಿರಿಂಜಿಗೆ ಎಳೆದಾಗಿತ್ತು. ರಿಜಿಸ್ಟರಿಗೆ ಸಹಿ ಹಾಕಿಸಲು ನಾನು ಅಲ್ಲೇ ನಿಂತಿದ್ದೆ. ಒಳಗೆ ಬಂದ ಮುಚ್ಚಳದಮ್ಮ ಮೊದಲು ನೋಡಿದ್ದು ಸಿಂಕಿನ ಪಕ್ಕ ಬಾಯಿ ತೆರೆದು ಕೂತಿದ್ದ ಸ್ಟ್ರಿಪ್ಪಿನ ಡಬ್ಬಿಯನ್ನು.

“ಡಾಕ್ಟ್ರೇ, ಸೂಜಿ ಕೆಳಗಿಡಿ!”

“ಮೀಟರ್ ತೋರಿಸ್ತಾ ಇದೆಯಲ್ಲಮ್ಮ.”

“ಮೀಟರ್ ಹಾಳಾಗ್ಲಿ, ಅವ್ರ ಮೈ ಏನು ತೋರಿಸ್ತಾ ಇದೆ ನೋಡಿದ್ರಾ? ಈ ಬೆವರು, ಈ ನಡುಕ ಸಕ್ಕರೆ ಇಳಿದಾಗ ಬರೋದು!”

ಕೂಗಿದ ಕೂಗಿಗೆ ಡಾಕ್ಟರು ಸಿರಿಂಜು ಕೆಳಗಿಟ್ಟರು. ಮುಚ್ಚಳದಮ್ಮ ನರದಿಂದ ರಕ್ತ ತೆಗೆದುಕೊಂಡು ತಾವೇ ಲ್ಯಾಬಿಗೆ ಓಡಿದರು. ಅಲ್ಲಿನ ಯಂತ್ರ ಹೇಳಿದ್ದು ನಲವತ್ತನಾಲ್ಕು. ಆ ಸೂಜಿ ಚುಚ್ಚಿದ್ದರೆ ಮೇಷ್ಟರು ಮತ್ತೆ ಏಳುತ್ತಿರಲಿಲ್ಲ. ಗ್ಲೂಕೋಸು ಏರಿಸಿದ ಮೇಲೆ ಎದ್ದು ಕೂತು ಕನ್ನಡಕ ಕೇಳಿದರು.

ನಾಲ್ಕನೆಯ ದಿನ ಮುಚ್ಚಳದಮ್ಮನಿಗೆ ಬಹುಮಾನ ಬಂತು: ಅನುಮತಿಯಿಲ್ಲದೆ ಚಿಕಿತ್ಸೆಗೆ ಅಡ್ಡಿಪಡಿಸಿ, ವೈದ್ಯರೆದುರು ಏರುದನಿಯಲ್ಲಿ ಮಾತಾಡಿದ್ದಕ್ಕೆ ಮೆಮೊ! ತೆರೆದ ಡಬ್ಬಿಯ ವಿಚಾರ ಅದರಲ್ಲಿ ಒಂದಕ್ಷರವೂ ಇಲ್ಲ. ಕಣ್ಣಾರೆ ಕಂಡಿದ್ದೂ ತುಟಿ ಬಿಚ್ಚದೆ ಅದನ್ನು ಟೈಪು ಮಾಡಿದವನು ನಾನು. ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಅವರು ಅಲ್ಲೇ ನಿಂತು ಉತ್ತರ ಗೀಚಿದರು: “ಡಬ್ಬಿ ತೆರೆದಿತ್ತು. ಮುಂದೆಯೂ ಕೂಗುತ್ತೇನೆ.” ಹೋಗುವ ಮುನ್ನ ನನ್ನ ಮೇಜಿನ ಮೇಲಿದ್ದ ಗೋಂದಿನ ಬಾಟಲಿಗೆ ಮುಚ್ಚಳ ಹಾಕಿದರು.

ಸಂಭವಿಸದೆ ಹೋದ ಸಾವಿಗೆ ಯಾವ ಕಚೇರಿಯಲ್ಲೂ ಫೈಲಿಲ್ಲ. ಅದನ್ನು ತಪ್ಪಿಸಲು ಎದ್ದ ದನಿಗೆ ಮಾತ್ರ ಇದೆ. ಇಂಥವರ ಜೀವಮಾನದ ಗಳಿಕೆಯೆಲ್ಲ ನಡೆಯದೆ ಹೋದ ಅನಾಹುತಗಳೇ ಆದ್ದರಿಂದ ಲೋಕದ ಕಣ್ಣಿಗೆ ಅವರು ಬರೀ ಜಗಳಗಂಟರು. ಅವರ ಬಾಯಿ ಮುಚ್ಚಿಸಲು ಮೇಲಿನವರಿಗೆ ಒಂದು ಹಾಳೆ ಸಾಕು. ಅದನ್ನು ಟೈಪು ಮಾಡಿಕೊಡಲು ನನ್ನಂಥ ಸಾಧು ಮನುಷ್ಯರು ಎಲ್ಲ ಕಾಲಕ್ಕೂ ಸಿಗುತ್ತಾರೆ.